ಹುಕ್ಕಿನ ಎತ್ತರ 50 ಸೆಂಟಿಮೀಟರ್: ನಮ್ಮೂರಲ್ಲಿ ಟ್ರ್ಯಾಕ್ಟರ್ ಎಳೆತದ ಜಾರುಬಂಡಿ ಕಟ್ಟಿದ ಕತೆ

ಮಂಡ್ಯ ಸೀಮೆಯಲ್ಲಿ ಕಬ್ಬು ಬೆಳೆಯೋನಿಗೆ ಟ್ರ್ಯಾಕ್ಟರ್ ಎಳೆತ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ನಾಲೆ ಬಗಲಿನ ಗದ್ದೆಯಲ್ಲಿ ತುಂಬಿದ ಟ್ರೇಲರ್ ಅಚ್ಚಿನವರೆಗೂ ಹೂತುಕೊಂಡರೆ ಊರೆಲ್ಲ ಬದುವಿನ ಮೇಲೆ ಬಂದು ನಿಲ್ಲುತ್ತದೆ. ಯಾರ ಗಾಡಿ ಈಚೆಗೆ ಎಳೆಯಿತು, ಯಾರದ್ದು ಕೂತಲ್ಲೇ ಮಣ್ಣು ತೋಡಿತು ಅನ್ನೋ ಮಾತು ಟೀ ಅಂಗಡಿಯಲ್ಲಿ ವಾರಗಟ್ಟಲೆ ನಡೆಯುತ್ತದೆ. ನಮ್ಮೂರ ಪಂದ್ಯ ಹುಟ್ಟಿದ್ದೂ ಹಾಗೇ. ಮೊದಲ ವರ್ಷ ಅದಕ್ಕೆ ನಿಯಮ ಅಂತ ಒಂದೂ ಇರಲಿಲ್ಲ. ಮರಳು ತುಂಬಿದ ಟ್ರೇಲರ್, ಒಂದು ಸರಪಣಿ, ಸುತ್ತ ಜನ. ಅಷ್ಟೇ.

ಆ ವರ್ಷ ನನ್ನ ಸೋದರಮಾವನ ಮಗ ಸರಪಣಿಯನ್ನು ಕೆಳಗಿನ ಹುಕ್ಕಿಗೆ ಕಟ್ಟಲಿಲ್ಲ. ನೇಗಿಲನ್ನು ಮೇಲ್ಗಡೆಯಿಂದ ಹಿಡಿಯುವ ತೋಳು, ಅಂದರೆ ಟಾಪ್ ಲಿಂಕ್, ಕೂರಿಸುವ ಬ್ರಾಕೆಟ್‌ಗೆ ಕಟ್ಟಿದ. "ಮೇಲಕ್ಕೆ ಕಟ್ಟುದ್ರೆ ಹಿಂದ್ಗಡೆ ಗಾಲಿಗೆ ತೂಕ ಬೀಳ್ತದೆ ಕಣಣ್ಣ, ನೋಡ್ತಿರು" ಅಂದ. ಅವನು ಹೇಳಿದ್ದು ಸುಳ್ಳಲ್ಲ, ಅದೇ ಅಪಾಯ. ಕ್ಲಚ್ ಬಿಟ್ಟ ಕೂಡಲೇ ಮುಂದಿನ ಗಾಲಿ ಎದ್ದವು. ಎರಡಡಿ, ಮೂರಡಿ, ಆಮೇಲೆ ನನ್ನ ಕಣ್ಣಿಗೆ ಬಾನೆಟ್ ಬಿಟ್ಟು ಬೇರೇನೂ ಕಾಣಲಿಲ್ಲ. ಅವನ ಕಾಲು ತಾನಾಗಿ ಕ್ಲಚ್ ಮೇಲೆ ಹೋಯಿತು. ಮುಂಭಾಗ ದಡಾರನೆ ಕೆಳಕ್ಕೆ ಬಿತ್ತು. ಸ್ಟೀರಿಂಗ್ ಎದೆಗೆ ಬಡಿದು ಎರಡು ಪಕ್ಕೆಲುಬು ಮುರಿದವು. ಅರ್ಧ ಸೆಕೆಂಡ್ ತಡವಾಗಿದ್ದರೆ ಟ್ರ್ಯಾಕ್ಟರ್ ಅವನ ಮೇಲೇ ಮಗುಚಿಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ನಮ್ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಪಂದ್ಯಕ್ಕೆ ಜನ ಸೇರಿಸಿದವನು ನಾನು.

ಅಲ್ಲಿಂದಾಚೆ ಎರಡು ವರ್ಷ ನಾನು ಇದನ್ನೇ ಓದಿದೆ. ಕಾರ್ಖಾನೆ ಯಾರ್ಡಿನಲ್ಲಿ ಕಬ್ಬಿನ ಗಾಡಿ ಸಾಲಿನಲ್ಲಿ ನಿಲ್ಲಿಸಿಕೊಂಡು ರಾತ್ರಿಯೆಲ್ಲ ಫೋನಿನಲ್ಲಿ ಅಮೆರಿಕ, ಹಾಲೆಂಡಿನ ಪಂದ್ಯಗಳನ್ನು ನೋಡಿದೆ. ಅಮೆರಿಕದಲ್ಲಿ ಟ್ರ್ಯಾಕ್ಟರಿನಿಂದ ಎಳೆಯುವ ಪಂದ್ಯ ಶುರುವಾದದ್ದು 1929ರಲ್ಲಿ. ಆಗ ಒಂದೊಂದು ಸೀಮೆಗೆ ಒಂದೊಂದು ನಿಯಮ. ಜಾರುಬಂಡಿ, ಅಂದರೆ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುವ ಭಾರದ ಬಂಡಿ, ಮುಂದೆ ಹೋದಂತೆ ದಾರಿಯುದ್ದಕ್ಕೂ ನಿಂತ ಜನ ಒಬ್ಬೊಬ್ಬರಾಗಿ ಅದರ ಮೇಲೆ ಹತ್ತಿ ಭಾರ ಹೆಚ್ಚಿಸುತ್ತಿದ್ದ ಕಾಲವೂ ಇತ್ತು. ಅದನ್ನು ಓದಿದಾಗ ಗದ್ದೆ ಮಟ್ಟ ಮಾಡುವಾಗ ಹಲಗೆ ಮೇಲೆ ನಾವು ಹುಡುಗರು ಹತ್ತಿ ನಿಲ್ಲುತ್ತಿದ್ದದ್ದು ನೆನಪಾಯಿತು. ಲೆಕ್ಕ ಒಂದೇ: ಭಾರ ಬಿದ್ದಷ್ಟೂ ಹಲಗೆ ಮಣ್ಣು ಕಚ್ಚುತ್ತದೆ. 1969ರಲ್ಲಿ ಹಲವು ರಾಜ್ಯದವರು ಸೇರಿ ನ್ಯಾಷನಲ್ ಟ್ರ್ಯಾಕ್ಟರ್ ಪುಲ್ಲರ್ಸ್ ಅಸೋಸಿಯೇಷನ್ ಕಟ್ಟಿ, ಎಲ್ಲರಿಗೂ ಒಂದೇ ನಿಯಮದ ಪುಸ್ತಕ ಮಾಡಿಕೊಂಡರು.

ಅಲ್ಲಿ ವರ್ಗಗಳನ್ನು ಮಾಡುವುದು ತೂಕ ಮತ್ತು ಎಂಜಿನ್ ನೋಡಿ. ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಒಂದೇ ಇರುವ ಪ್ರೊ ಸ್ಟಾಕ್ ಬೇರೆ, ಒಂದಕ್ಕಿಂತ ಹೆಚ್ಚು ಟರ್ಬೊ ಕೂರಿಸಿದ ಸೂಪರ್ ಸ್ಟಾಕ್ ಬೇರೆ. ಮಾಡಿಫೈಡ್ ಅಂದರೆ ಸಾಲಾಗಿ ನಾಲ್ಕೈದು ಎಂಜಿನ್ ಜೋಡಿಸಿದವು, ವಿಮಾನದ ಎಂಜಿನ್ ಇಟ್ಟವು. ಟ್ರಕ್‌ಗಳಿಗೆ ಎರಡು ಗಾಲಿ ಎಳೆಯುವವು, ನಾಲ್ಕು ಗಾಲಿ ಎಳೆಯುವವು ಅಂತ ಬೇರೆ ಬೇರೆ ಸಾಲು. ನಮಗೆ ಇವೆಲ್ಲ ದೂರದ ಮಾತು. ಆದರೆ ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟುವುದನ್ನು ನೋಡಿದವರಿಗೆ ಇದರ ತಿರುಳು ಗೊತ್ತು. ತೂಕ ಸಮ ಇಲ್ಲದಿದ್ದರೆ ಪಂದ್ಯಕ್ಕೆ ಅರ್ಥವಿಲ್ಲ. ಅದಕ್ಕೇ ನಾವು ಎಚ್‌ಪಿ ಬಿಟ್ಟು ತೂಕ ಹಿಡಿದೆವು. ಚಾಲಕನೂ ಸೇರಿ 2400 ಕೆಜಿ ಒಳಗೆ ಒಂದು ವರ್ಗ, 3000 ಕೆಜಿ ಒಳಗೆ ಇನ್ನೊಂದು. ಕಬ್ಬು ತೂಗುವ ವೇಬ್ರಿಡ್ಜ್ ಮೇಲೆ ಪ್ರತಿ ಗಾಡಿಯನ್ನೂ ಹತ್ತಿಸಿ ಚೀಟಿ ತೆಗೆದುಕೊಂಡೆವು.

ಇನ್ನು ಹುಕ್ಕಿನ ಎತ್ತರ. ಎಲ್ಲಕ್ಕಿಂತ ಹೆಚ್ಚು ಜಗಳ ಆಗಿದ್ದು ಇದರ ಮೇಲೆ, ನಾನು ಒಂದಿಂಚೂ ಬಿಟ್ಟುಕೊಡದಿದ್ದದ್ದೂ ಇದೊಂದರಲ್ಲೇ. ಅಮೆರಿಕದಲ್ಲಿ ಪ್ರೊ ಸ್ಟಾಕ್ ಟ್ರ್ಯಾಕ್ಟರಿಗೆ ಹುಕ್ಕು ನೆಲದಿಂದ 20 ಇಂಚು ಮೀರುವಂತಿಲ್ಲ. ನಾವು 50 ಸೆಂಟಿಮೀಟರ್ ಅಂತ ಮಾಡಿಕೊಂಡೆವು. ಯಾಕೆ ಅನ್ನೋದನ್ನು ಪಂಚಾಯಿತಿ ಕಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಟ್ರ್ಯಾಕ್ಟರ್ 1400 ಕೆಜಿ ಬಲದಲ್ಲಿ ಎಳೆಯುತ್ತಿದೆ ಅಂದುಕೊಳ್ಳಿ. ಹುಕ್ಕು ಅರ್ಧ ಮೀಟರ್ ಎತ್ತರದಲ್ಲಿದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 1.9 ಮೀಟರ್. 1400ನ್ನು 0.5ರಿಂದ ಗುಣಿಸಿ 1.9ರಿಂದ ಭಾಗಿಸಿದರೆ ಸುಮಾರು 370. ಅಂದರೆ ಮುಂದಿನ ಗಾಲಿಯ ಮೇಲಿಂದ 370 ಕೆಜಿ ಎದ್ದು ಹಿಂದಕ್ಕೆ ಹೋಯಿತು. ಎರಡು ಟನ್ ಗಾಡಿಗೆ ಮುಂದೆ ಇರುವುದೇ 750 ಕೆಜಿ ಆಸುಪಾಸು. ಅರ್ಧ ಉಳಿಯುತ್ತದೆ, ಸ್ಟೀರಿಂಗ್ ಕೇಳುತ್ತದೆ. ಈಗ ಸರಪಣಿಯನ್ನು 95 ಸೆಂಟಿಮೀಟರ್ ಎತ್ತರದ ಟಾಪ್ ಲಿಂಕ್‌ಗೆ ಕಟ್ಟಿ. ಅದೇ ಲೆಕ್ಕದಲ್ಲಿ 700 ಕೆಜಿ ಎದ್ದುಹೋಗುತ್ತದೆ. ಮುಂದೆ ಉಳಿದದ್ದು ಒಂದು ಮೂಟೆ ಭತ್ತದಷ್ಟು. ಅದರ ಮೇಲೆ ಕ್ಲಚ್ ಜರ್ಕ್ ಬೇರೆ.

ಇನ್ನೂ ಒಂದಿದೆ. ಹುಕ್ಕು ಕೆಳಗಿದ್ದರೆ ಮುಂಭಾಗ ಎದ್ದಂತೆ ಹುಕ್ಕು ಇನ್ನಷ್ಟು ಕೆಳಕ್ಕೆ ಇಳಿಯುತ್ತದೆ, ಎತ್ತುವ ಬಲ ತಾನಾಗಿ ಕಮ್ಮಿಯಾಗುತ್ತದೆ. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ ಈ ಕಾಪಾಡುವ ಗುಣ ಇರುವುದಿಲ್ಲ, ಸರಪಣಿಯೇ ಗಾಡಿಯನ್ನು ಹಿಂದಕ್ಕೆ ಮಗುಚುತ್ತದೆ. ಗದ್ದೆಯಲ್ಲಿ ಹೂತ ಗಾಡಿ ಎಳೆಯುವವರೂ ದಯವಿಟ್ಟು ಇದನ್ನು ನೆನಪಿಡಿ. ಟಾಪ್ ಲಿಂಕ್‌ಗೆ, ಅಚ್ಚಿಗೆ ಸರಪಣಿ ಸುತ್ತಬೇಡಿ. ಪಂದ್ಯದಲ್ಲಿ ಸತ್ತವರಿಗಿಂತ ಗದ್ದೆಯಲ್ಲಿ ಹೀಗೆ ಮಗುಚಿ ಸತ್ತವರನ್ನು ನಾನು ಹೆಚ್ಚು ಕಂಡಿದ್ದೇನೆ.

ಜಾರುಬಂಡಿ ಕಟ್ಟಲು ನಾಲ್ಕು ತಿಂಗಳು ಹಿಡಿಯಿತು. ಅಲ್ಲಿಯ ಜಾರುಬಂಡಿಯ ಚಮತ್ಕಾರ ಇಷ್ಟೇ: ಹಿಂದೆ ಗಾಲಿ, ಮುಂದೆ ನೆಲಕ್ಕೆ ಉಜ್ಜುವ ಕಬ್ಬಿಣದ ಹಲಗೆ. ಭಾರದ ಪೆಟ್ಟಿಗೆ ಹೊರಡುವಾಗ ಗಾಲಿಯ ಮೇಲೆ ಇರುತ್ತದೆ, ಆದ್ದರಿಂದ ಹಗುರವಾಗಿ ಉರುಳುತ್ತದೆ. ಮುಂದೆ ಹೋದಂತೆ ಪೆಟ್ಟಿಗೆ ಹಲಗೆಯ ಮೇಲಕ್ಕೆ ಸರಿಯುತ್ತಾ ಬರುತ್ತದೆ, ಹಲಗೆ ನೆಲ ಒತ್ತುತ್ತದೆ. ಯಾವ ಗಾಡಿಯಾದರೂ ಒಂದು ಕಡೆ ನಿಲ್ಲಲೇಬೇಕು. ನಿಂತ ಜಾಗದವರೆಗೆ ಟೇಪ್ ಹಿಡಿದು ಅಳೆಯುವುದು. ಅಮೆರಿಕದಲ್ಲಿ ಸಾಮಾನ್ಯವಾಗಿ 300 ಅಡಿ, ಯುರೋಪಿನಲ್ಲಿ 100 ಮೀಟರ್ ದಾಟಿದರೆ ಫುಲ್ ಪುಲ್, ಅಂದರೆ ಪೂರ್ತಿ ಎಳೆತ. ನಮ್ಮ ಹೊಲ 110 ಮೀಟರ್ ಉದ್ದ, ನಿಲ್ಲಿಸಲು ಜಾಗ ಬೇಕು, ಹಾಗಾಗಿ 80 ಮೀಟರ್ ಇಟ್ಟೆವು.

ಗುಜರಿಯಿಂದ ಹಳೇ ಲಾರಿ ಚಾಸಿ ತಂದೆವು. ಕಬ್ಬಿನ ಟ್ರೇಲರಿನ ಅಚ್ಚು, ಗಾಲಿ ನಮ್ಮ ಮನೆಯದೇ. ಪೆಟ್ಟಿಗೆ ಎಳೆಯಲು ಗೇರ್ ಬಾಕ್ಸ್ ಬೇಕು ಅಂತ ನಾನು ಹುಡುಕುತ್ತಿದ್ದೆ. ವೆಲ್ಡಿಂಗ್ ಅಂಗಡಿಯ ನಮ್ಮ ಮಾವ ಕೂತು ಲೆಕ್ಕ ಹಾಕಿ, "ಗೇರ್ ಬಾಕ್ಸು ಯಾಕ್ಲಾ, ಎರಡು ಸ್ಪ್ರಾಕೆಟ್ ಸಾಕು" ಅಂದರು. ಟ್ರೇಲರ್ ಗಾಲಿ ಒಂದು ಸುತ್ತಿಗೆ 2.8 ಮೀಟರ್ ಹೋಗುತ್ತದೆ, 80 ಮೀಟರಿಗೆ ಇಪ್ಪತ್ತೆಂಟೂವರೆ ಸುತ್ತು. ಗಾಲಿಯ ಹಬ್‌ಗೆ 12 ಹಲ್ಲಿನ ಸ್ಪ್ರಾಕೆಟ್, ವೈರ್ ರೋಪ್ ಸುತ್ತುವ ಉರುಳೆಗೆ 40 ಹಲ್ಲಿನದು. ಉರುಳೆ ಎಂಟೂವರೆ ಸುತ್ತು ತಿರುಗುತ್ತದೆ. ಆರಿಂಚಿನ ಪೈಪನ್ನೇ ಉರುಳೆ ಮಾಡಿದರೆ ಪೆಟ್ಟಿಗೆ ಸುಮಾರು ನಾಲ್ಕೂವರೆ ಮೀಟರ್ ಮುಂದೆ ಬರುತ್ತದೆ. ಚಾಸಿಯ ಮೇಲೆ ನಮಗೆ ಬೇಕಿದ್ದದ್ದೂ ಅಷ್ಟೇ. ಶಾಲೆ ಏಳನೇ ಕ್ಲಾಸಿಗೆ ಬಿಟ್ಟವರು ಅವರು. ನಾನು ಆ ಕಾಗದವನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಮೊದಲ ಪರೀಕ್ಷೆಯಲ್ಲಿ ಹಲಗೆ ನೆಲ ಅಗೆಯಿತು. ಚಪ್ಪಟೆ ತಗಡು ಹಾಕಿದ್ದೆವು, ಮುಂದೆ ಮಣ್ಣಿನ ಗುಡ್ಡೆ ಕಟ್ಟಿಕೊಂಡಿತು. ತುದಿಯನ್ನು ಒಂದು ಗೇಣು ಮೇಲಕ್ಕೆ ಬಗ್ಗಿಸಿದ ಮೇಲೆ ಸರಿಹೋಯಿತು. ಎರಡನೇ ತೊಂದರೆ ಹಿಡಿಯಲು ಹೆಚ್ಚು ದಿನ ಬೇಕಾಯಿತು. ಪೆಟ್ಟಿಗೆ ಮುಕ್ಕಾಲು ದಾರಿ ಬಂದು ನಿಂತುಬಿಡುತ್ತಿತ್ತು. ಭಾರವೆಲ್ಲ ಮುಂದೆ ಹೋದ ಮೇಲೆ ಹಿಂದಿನ ಗಾಲಿ ಉರುಳದೆ ಜಾರುತ್ತಿತ್ತು, ಗಾಲಿ ತಿರುಗದಿದ್ದರೆ ಉರುಳೆಯೂ ತಿರುಗುವುದಿಲ್ಲ. ಅಚ್ಚಿನ ಮೇಲೆ ಐದು ಮೂಟೆ ಮರಳನ್ನು ಖಾಯಂ ಕಟ್ಟಿದೆವು. ಪೆಟ್ಟಿಗೆಯಲ್ಲಿ 50 ಕೆಜಿಯ 40 ಮೂಟೆ. ನಮ್ಮೂರ ಕೆಮ್ಮಣ್ಣು ಪುಡಿಪುಡಿ, ಗಾಲಿಗೆ ಹಿಡಿತ ಕೊಡುವುದಿಲ್ಲ. ಕೆರೆ ಗೋಡು ಹೊಡೆಸಿ, ಉತ್ತು ಬೆರೆಸಿ, ನೀರು ಚಿಮುಕಿಸಿ ರೋಲರ್ ಓಡಿಸಿದೆವು. 9 ಮೀಟರ್ ಅಗಲದ ದಾರಿ, ಎರಡೂ ಬದಿಗೆ ಸುಣ್ಣದ ಗೆರೆ. ಗೆರೆ ತುಳಿದರೆ ಲೆಕ್ಕಕ್ಕಿಲ್ಲ.

ಸುರಕ್ಷತೆಗೆ ಮೂರು ಕಟ್ಟುನಿಟ್ಟು. ಒಂದು, ಹಿಂದೆ ಸಣ್ಣ ಗಾಲಿ ಇರುವ ಎರಡು ಆನಿಕೆ, ಗಾಡಿ ಎದ್ದರೆ ಅವು ನೆಲಕ್ಕೆ ಊರಿಕೊಳ್ಳಬೇಕು. ಅವುಗಳ ಕೆಳಗೆ ಜಾಕ್ ಕೊಟ್ಟು ಇಡೀ ಗಾಡಿ ಎತ್ತಿ ನೋಡಿದೆವು, ಬಾಗಿದರೆ ಪ್ರವೇಶವಿಲ್ಲ. ಎರಡು, ಡೀಸೆಲ್ ಪಂಪಿನ ಸ್ಟಾಪ್ ಲಿವರ್‌ಗೆ ಕಟ್ಟಿದ ತೆಳು ಹಗ್ಗ ಹಿಂದಕ್ಕೆ ಬಂದು ಜಾರುಬಂಡಿಯಲ್ಲಿ ಕೂತವನ ಕೈಯಲ್ಲಿರಬೇಕು. ಸರಪಣಿ ಕಳಚಿದರೆ ಹಗ್ಗ ತಾನೇ ಎಳೆದು ಎಂಜಿನ್ ಆಫ್ ಆಗುತ್ತದೆ, ಅಪಾಯ ಕಂಡರೆ ಅವನೇ ಎಳೆಯಬಹುದು. ಮೂರು, ನೈಲಾನ್ ಹಗ್ಗದಿಂದ ಎಳೆಯುವಂತಿಲ್ಲ, ತುಂಡಾದರೆ ಚಾವಟಿಯಂತೆ ಹೊಡೆಯುತ್ತದೆ. ಸರಪಣಿ ಬಿಗಿಯಾದ ಮೇಲಷ್ಟೇ ಹಸಿರು ಬಾವುಟ, ಜರ್ಕ್ ಹೊಡೆಯುವಂತಿಲ್ಲ. ಪಂಜಾಬಿನವರ ಹಾಗೆ ಎರಡು ಟ್ರ್ಯಾಕ್ಟರ್ ಬೆನ್ನಿಗೆ ಬೆನ್ನು ಕಟ್ಟಿ ಎಳೆಯೋಣ ಅಂತ ಕೆಲವು ಹುಡುಗರು ಹಟ ಹಿಡಿದರು. ಒಬ್ಬ ಯುವಕ ಸತ್ತ ಮೇಲೆ 2023ರ ಅಕ್ಟೋಬರ್‌ನಲ್ಲಿ ಪಂಜಾಬ್ ಸರ್ಕಾರ ಟ್ರ್ಯಾಕ್ಟರ್ ಸಾಹಸಗಳನ್ನೇ ನಿಷೇಧಿಸಿದ ಸುದ್ದಿ ತೋರಿಸಿದೆ, ಸುಮ್ಮನಾದರು. ಲಾರಿ ತರುತ್ತೇನೆ ಅಂದವರಿಗೂ ಬೇಡ ಅಂದೆ. ಹಿಂದಿನ ಸ್ಪ್ರಿಂಗ್ ಬಿಗಿದು ಅಲುಗದಂತೆ ಮಾಡದಿದ್ದರೆ ಎಳೆತಕ್ಕೆ ಲಾರಿ ಕುಣಿಯುತ್ತದೆ, ಹುಕ್ಕಿನ ಎತ್ತರವೂ ನಿಲ್ಲುವುದಿಲ್ಲ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ ಹದಿನೆಂಟು ಗಾಡಿ ಬಂದವು. ಮೊದಲು ಎಳೆದವನು ನಾನು. ಮೊದಲನೆಯವನು ಜಾರುಬಂಡಿಯನ್ನು ಪರೀಕ್ಷೆ ಮಾಡಿದ ಹಾಗೆ, ಅಳತೆ ಬೇಡ ಅಂದರೆ ಆರನೇ ಸರದಿಯಲ್ಲಿ ಮತ್ತೆ ಎಳೆಯಬಹುದು. ನನ್ನದು 45 ಎಚ್‌ಪಿ ಮಹೀಂದ್ರಾ 575. ಹಿಂದಿನ ಟೈರುಗಳಿಗೆ ಒಂದೊಂದಕ್ಕೆ 150 ಲೀಟರ್ ನೀರು ತುಂಬಿಸಿದ್ದೆ, ಮುಂದೆ 80 ಕೆಜಿ ಪ್ಲೇಟ್, ನಾನು ಕೂತ ಮೇಲೆ ಚೀಟಿಯಲ್ಲಿ 2390. ಲೋ ಮೂರನೇ ಗೇರ್. ಮೊದಲ ನಲವತ್ತು ಮೀಟರ್ ಖಾಲಿ ಟ್ರೇಲರ್ ಎಳೆದ ಹಾಗಿತ್ತು. ಐವತ್ತಕ್ಕೆ ಹೊಗೆ ಕಪ್ಪಾಯಿತು. 61ಕ್ಕೆ ಟೈರು ಸುತ್ತಿ ಕೂತಿತು.

ಸೋಲುವುದಕ್ಕೆ ಎರಡೇ ದಾರಿ. ಎಂಜಿನ್ ಉಸಿರು ಬಿಟ್ಟು ನಿಲ್ಲಬೇಕು, ಇಲ್ಲವೇ ಟೈರ್ ಹಿಡಿತ ತಪ್ಪಬೇಕು. ನನ್ನ ಎಂಜಿನ್‌ಗೆ ಇನ್ನೂ ಕಸುವಿತ್ತು. ಅಂದರೆ ಪಂಪ್ ಸೆಟ್ಟಿಂಗ್ ಮುಟ್ಟಿ ಪ್ರಯೋಜನವಿಲ್ಲ. ಟೈರ್ ನೋಡಿದರೆ ನಡುವಿನ ಗುಬುಟುಗಳಷ್ಟೇ ಮಣ್ಣು ಕಚ್ಚಿದ್ದವು, ರಸ್ತೆ ಗಾಳಿ ಹಾಗೇ ಇತ್ತು, 18 ಪಿಎಸ್ಐ. 12ಕ್ಕೆ ಇಳಿಸಿದೆ, ಬೇರೇನೂ ಬದಲಾಯಿಸಲಿಲ್ಲ. ಆರನೇ ಸರದಿಯಲ್ಲಿ 68 ಮೀಟರ್ ಬಂತು. ಪುಕ್ಕಟೆ ಏಳು ಮೀಟರ್! ಅವತ್ತು ಅದನ್ನು ಕಂಡ ಇಬ್ಬರು ಅಲ್ಲೇ ಗಾಳಿ ಇಳಿಸಿಕೊಂಡು ನನ್ನನ್ನು ದಾಟಿಹೋದರು. ನನಗೆ ಅದೂ ಸಂತೋಷವೇ.

ಸಣ್ಣ ವರ್ಗದಲ್ಲಿ ಇಬ್ಬರು 80 ಮುಟ್ಟಿದರು. ಹತ್ತು ಮೂಟೆ ಹೆಚ್ಚಿಗೆ ಹೇರಿ ಅವರಿಬ್ಬರನ್ನೇ ಮತ್ತೆ ಎಳೆಸಿದೆವು, ಇದನ್ನು ಪುಲ್ ಆಫ್ ಅನ್ನುತ್ತಾರೆ. ಎರಡನೆಯವನು ಎಳೆಯುವಾಗ 60ರ ಹತ್ತಿರ ಮುಂದಿನ ಗಾಲಿ ಒಂದಡಿ ಎದ್ದು ಹಾಗೇ ನಿಂತವು. ಜಾರುಬಂಡಿಯ ಮೇಲೆ ಹಗ್ಗ ಹಿಡಿದು ಕೂತಿದ್ದವನು ಮೊದಲ ವರ್ಷ ಪಕ್ಕೆಲುಬು ಮುರಿದುಕೊಂಡ ಅದೇ ನನ್ನ ಸೋದರಮಾವನ ಮಗ. ಅವತ್ತಿಡೀ ದಿನ ಆ ಜಾಗ ಬಿಟ್ಟು ಎದ್ದಿರಲಿಲ್ಲ, ಊಟವನ್ನೂ ಅಲ್ಲಿಗೇ ತರಿಸಿಕೊಂಡಿದ್ದ. ಎಳೆದ. ಎಂಜಿನ್ ನಿಂತಿತು, ಗಾಲಿ ಮೆಲ್ಲಗೆ ನೆಲಕ್ಕೆ ಬಂದವು. ಚಾಲಕ ಇಳಿದು ಬಂದು, ಗೆಲ್ಲುತ್ತಿದ್ದೆ, ಯಾಕೆ ಎಳೆದೆ ಅಂತ ಕೂಗಾಡಿದ. ಇವನು ಉತ್ತರ ಕೊಡಲಿಲ್ಲ. ನಾವು ಅಳತೆ ಕೋಲು ತಂದು ಹುಕ್ಕಿಗೆ ಹಿಡಿದೆವು. 54 ಇತ್ತು. ವೇಬ್ರಿಡ್ಜ್‌ನಿಂದ ಬಂದ ಮೇಲೆ ಪಿನ್ ಒಂದು ತೂತು ಮೇಲಕ್ಕೆ ಹೋಗಿತ್ತು.

ಈ ವರ್ಷದಿಂದ ಹುಕ್ಕನ್ನು ಅಳೆಯುವುದು ಸರಪಣಿ ಹಾಕುವ ಜಾಗದಲ್ಲೇ, ಪ್ರತಿ ಎಳೆತಕ್ಕೂ ಮುಂಚೆ. ಕೋಲು ನನ್ನ ಸೋದರಮಾವನ ಮಗನ ಹತ್ತಿರವೇ ಇರುತ್ತದೆ.