ಈಜುಕೊಳದ ಟೆಂಡರ್ ಬರೆದು ನಾನು ಕಲಿತದ್ದು

ನಮ್ಮ ನಗರಸಭೆಯ ಈಜುಕೊಳ, ಪಕ್ಕದ ಜಿಮ್, ಷಟಲ್ ಕೋರ್ಟು ಇವನ್ನೆಲ್ಲ ಮೊದಲ ಸಲ ಹೊರಗಿನವರಿಗೆ ವಹಿಸಿದಾಗ ನಾನು ಇಂಜಿನಿಯರಿಂಗ್ ಶಾಖೆಗೆ ಹೊಸಬ. ಕಡತ ಓಡಿಸಿದ್ದು ಕಂದಾಯ ಶಾಖೆ. ಮಳಿಗೆಗಳಿಗೆ, ಸಂತೆ ಸುಂಕಕ್ಕೆ ಮಾಡುವ ಹಾಗೆಯೇ ಟೆಂಡರ್ ಕಂ ಬಹಿರಂಗ ಹರಾಜು ಕರೆದರು. ಹೆಚ್ಚು ಕೂಗಿದವರಿಗೆ ಕೊಳ. ಕೂಗಿದ ಮೊತ್ತ ಕೇಳಿ ಸಾಮಾನ್ಯ ಸಭೆಯಲ್ಲಿ ಎಲ್ಲರಿಗೂ ಖುಷಿ.

ಎರಡನೇ ಬೇಸಿಗೆಗೆ ನೀರು ಹಸಿರಾಯಿತು.

ಗುತ್ತಿಗೆದಾರ ಕೆಟ್ಟವನೇನಲ್ಲ, ಅವನಿಗೆ ಲೆಕ್ಕ ಕೂಡಲಿಲ್ಲ ಅಷ್ಟೇ. ಕೊಳ 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಆಳ 1.4 ಮೀಟರ್. ಅಂದರೆ ಸುಮಾರು 4.4 ಲಕ್ಷ ಲೀಟರ್ ನೀರು. ಅದನ್ನು ಸೋಸುವ 7.5 ಎಚ್‌ಪಿ ಪಂಪು ದಿನಕ್ಕೆ 12 ಗಂಟೆ ಓಡಿದರೆ 67 ಯೂನಿಟ್, ತಿಂಗಳಿಗೆ 2,000 ಯೂನಿಟ್. ಬಾಡಿಗೆ ಕಟ್ಟಿ, ಕರೆಂಟ್ ಬಿಲ್ಲೂ ಕಟ್ಟಬೇಕಾದವನು ಮೊದಲು ಕೈಯಿಡುವುದು ಪಂಪಿನ ಸ್ವಿಚ್ಚಿಗೆ. ಅವನೂ ಅದನ್ನೇ ಮಾಡಿದ. ಕೊನೆಗೆ ಬಿಟ್ಟು ಹೋದಾಗ ಮೀಟರ್ ನಗರಸಭೆಯ ಹೆಸರಲ್ಲಿ ಇದ್ದದ್ದರಿಂದ ಬಾಕಿ ನಮ್ಮ ತಲೆಗೆ.

ಮರು ಟೆಂಡರ್ ಬರೆಯುವ ಕೆಲಸ ನನಗೆ ಬಂತು. ಈ ಸಲ ಪದ್ಧತಿಯನ್ನೇ ತಿರುಗಿಸಿದೆ. ಪ್ರವೇಶ ಶುಲ್ಕ ನಾವೇ ನಿಗದಿ ಮಾಡುವುದು, ಟಿಕೆಟ್ ಹಣ ನೇರ ನಗರಸಭೆ ಖಾತೆಗೆ, ಕರೆಂಟ್ ಬಿಲ್ಲೂ ನಮ್ಮದೇ. ನಿರ್ವಹಣೆಗೆ ತಿಂಗಳಿಗೆ ಎಷ್ಟು ಬೇಕು ಅಂತ ಬಿಡ್‌ದಾರರು ಬರೆಯಬೇಕು. ಪಂಪು ನಿಲ್ಲಿಸಿದರೆ ಗುತ್ತಿಗೆದಾರನಿಗೆ ಒಂದು ಪೈಸೆ ಉಳಿತಾಯವಿಲ್ಲ, ಬದಲಿಗೆ ದಂಡ. ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು, "ಏನ್ರೀ, ಬರೋ ದುಡ್ಡು ಬಿಟ್ಟು ಕೊಡೋ ಟೆಂಡರ್ ಕರೀತೀರಾ?" ಅಂದರು. ಹಳೇ ಕರೆಂಟ್ ಬಿಲ್ಲನ್ನು ಮುಂದಿಟ್ಟೆ.

ಹೀಗೆ ಸೇವೆ ಕೊಳ್ಳುವುದಾದರೆ ಹರಾಜು ನಡೆಯುವುದಿಲ್ಲ, ಸರ್ಕಾರಿ ಖರೀದಿಗೆ ಇರುವ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ ದಾರಿಯಲ್ಲೇ ಹೋಗಬೇಕು. ಎರಡು ಲಕೋಟೆ, ಮೊದಲು ತಾಂತ್ರಿಕ, ಅದರಲ್ಲಿ ಪಾಸಾದವರದ್ದು ಮಾತ್ರ ಆರ್ಥಿಕ. ಬೇಸಿಗೆ ಬಂತು, ಅಲ್ಪಾವಧಿ ಟೆಂಡರ್ ಕರೆಯಿರಿ ಅಂತ ಒತ್ತಡ ಬಂದರೂ ಆಗಿನ ನಿಯಮದ 30 ದಿನ ಪೂರ್ತಿ ಕೊಟ್ಟೆವು.

ಒಳ್ಳೆಯದಾಯಿತು. ಬಿಡ್ ಹಾಕುವ ಮುಂಚೆ ಅನುಮಾನ ಕೇಳಲು ಕರೆಯುವ ಬಿಡ್ ಪೂರ್ವ ಸಭೆಯಲ್ಲಿ ಒಬ್ಬರು, "ಸಾರ್, ಫಿಲ್ಟರಿನ ಮರಳು ಯಾವಾಗ ಬದಲಾಯಿಸಿದ್ದು?" ಅಂತ ಕೇಳಿದರು. ನಾನು ಕೊಳದ ಹಳೇ ಸಹಾಯಕನ ಮುಖ ನೋಡಿದೆ. ಅವನು ಚಾವಣಿ ನೋಡಿದ. ಮಾರನೆಯ ದಿನ ಮುಚ್ಚಳ ತೆಗೆಸೋಣವೆಂದರೆ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು, ಎರಡನ್ನು ಕೊಯ್ಯಬೇಕಾಯಿತು. ಒಳಗೆ ಮರಳು ಜಿಡ್ಡು ಕುಡಿದು ಹೆಂಟೆ ಕಟ್ಟಿತ್ತು. ಕೋಲಿನಿಂದ ಚುಚ್ಚಿದರೆ ಟಕ್ ಅಂತ ಸದ್ದು. ಇಂಥ ಫಿಲ್ಟರನ್ನು ಒಪ್ಪಿಸಿ ತಿಳಿನೀರು ಕೇಳುವುದು ಯಾವ ನ್ಯಾಯ? ಮರಳು ಬದಲಾಯಿಸಿಯೇ ಕೊಳ ಒಪ್ಪಿಸುತ್ತೇವೆ ಎಂದು ತಿದ್ದುಪಡಿ ಹೊರಡಿಸಿ ಗಡುವು ಮುಂದೂಡಿದೆವು.

ಷರತ್ತುಗಳಲ್ಲಿ ನಾನು ಪಟ್ಟು ಹಿಡಿದವು ಕೆಲವೇ. ಕ್ಲೋರಿನ್ 1ರಿಂದ 3 ಪಿಪಿಎಂ (ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ), ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.8, ದಿನಕ್ಕೆರಡು ಸಲ ಪರೀಕ್ಷೆ ಮಾಡಿ ಗೇಟಿನ ಬಳಿಯ ಬೋರ್ಡಿನಲ್ಲಿ ಬರೆಯಬೇಕು. ಕಲಿಸುವವನೇ ಕಾಯುವವನಾಗಬಾರದು, ಜೀವರಕ್ಷಕ ಬೇರೆ ಇರಲೇಬೇಕು. ಹೆಂಗಸರ ಬ್ಯಾಚಿಗೆ ಹೆಂಗಸರೇ ಸಿಬ್ಬಂದಿ. ಪುಕ್ಕಟೆ ಪ್ರವೇಶಕ್ಕೆ ಚೀಟಿ ತಂದರೆ ಬಿಡಿ, ಆದರೆ ಚೀಟಿ ಕೊಟ್ಟವರ ಹೆಸರು ಪ್ರತಿ ತಿಂಗಳು ಸಾಮಾನ್ಯ ಸಭೆಯ ಮುಂದೆ ಬರಬೇಕು. ಮೊದಲ ತಿಂಗಳು ಪಟ್ಟಿ ಒಂದೂವರೆ ಪುಟ ಇತ್ತು, ಮೂರನೆಯ ತಿಂಗಳಿಗೆ ಎರಡೇ ಹೆಸರು.

ಒಂದನ್ನು ಮಾತ್ರ ಮರೆತೆ. ಷಟಲ್ ಕೋರ್ಟಿನ ದೀಪ ಕೆಟ್ಟಿತು. ಬಲ್ಬು ಗುತ್ತಿಗೆದಾರರದು ಅಂತ ಬರೆದಿದ್ದೆ, ಅಷ್ಟೆತ್ತರ ಹತ್ತುವ ಏಣಿ ಯಾರದು ಅಂತ ಬರೆದಿರಲಿಲ್ಲ. ಎರಡು ತಿಂಗಳು ಪತ್ರವ್ಯವಹಾರ ನಡೆಯಿತು. ಕೊನೆಗೆ ಬೀದಿದೀಪ ವಿಭಾಗದ ಏಣಿಗಾಡಿ ಕಳಿಸಿದರೆ ಅದು ಕೋರ್ಟಿನ ಬಾಗಿಲಲ್ಲಿ ಹಿಡಿಸಲಿಲ್ಲ.