ಪಂದನ್ ಗಿಡದ ಮರಿಯನ್ನು ಕೀಳಬೇಡಿ, ಬಿಡಿಸಿ

ಫಿಲಿಪ್ಪೀನ್ಸಿನ ಮನಿಲಾ, ದಾವಾವೊ ಕಡೆ ಇರುವ ನಮ್ಮ ಮಕ್ಕಳನ್ನು ನೋಡುತ್ತಲೇ ಇದ್ದೇನೆ. ಡಾಕ್ಟರಿಕೆ ಓದಲು ಬಂದವರು, ಕೆಲಸಕ್ಕೆ ಬಂದವರು, ಎಲ್ಲರದ್ದೂ ಒಂದೇ ಕಥೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮಜ್ಜಿಗೆ ಹುಲ್ಲನ್ನು ದುಡ್ಡು ಕೊಟ್ಟು ತರುವುದು, ಎರಡು ಕಡ್ಡಿ ಚಹಾಕ್ಕೆ ಹಾಕುವುದು, ಉಳಿದದ್ದು ಫ್ರಿಜ್ಜಿನಲ್ಲಿ ಒಣಗಿ ಕಸದ ಬುಟ್ಟಿಗೆ. ಇಲ್ಲಿಯವರು ಅದನ್ನೇ ತಂಗ್ಲಾದ್ ಅನ್ನುವುದು, ಈ ದೇಶದಲ್ಲಿ ಅದು ಬೇಲಿ ಬುಡದಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಹುಲ್ಲು ಮಾರಾಯ್ರೆ! ಬುಡದ ಗಟ್ಟಿ ಗಂಟು ಉಳಿದಿರುವ ಕಡ್ಡಿ ಆರಿಸಿ ಲೋಟದ ನೀರಿನಲ್ಲಿ ನಿಲ್ಲಿಸಿದರೆ ವಾರದೊಳಗೋ ಆಮೇಲೋ ಬೇರು ಬರುತ್ತದೆ. ಬಿಸಿಲಿರುವ ಮೂಲೆಯಲ್ಲಿ ಊರಿ. ಅಷ್ಟೇ.

ನಾವು ಲಗೂನಾ ಪ್ರಾಂತ್ಯದ ಲೋಸ್ ಬಾನ್ಯೋಸ್‌ಗೆ ಬಂದದ್ದು ನಮ್ಮವರಿಗೆ ಅಲ್ಲಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದಾಗ. 1960ರಲ್ಲಿ ಹುಟ್ಟಿದ ಸಂಸ್ಥೆ ಅದು, ನಮ್ಮ ದೇಶದವರು ಅಲ್ಲಿ ಮೊದಲಿನಿಂದಲೂ ಇದ್ದರು. ಹಿಂದೆ ಮಕಿಲಿಂಗ್ ಬೆಟ್ಟ, ಜೂನ್ ಬಂತೆಂದರೆ ನಮ್ಮ ಕರಾವಳಿಯ ಹಾಗೆಯೇ ಮಳೆ. ಮೊದಲ ಸಂತೆಯಲ್ಲೇ ನನಗೆ ಜೀವ ಬಂತು. ಬಸಳೆ ಅಲ್ಲಿ ಅಲುಗ್ಬಾತಿ ಆಗಿತ್ತು, ನುಗ್ಗೆಸೊಪ್ಪು ಮಲುಂಗ್ಗಾಯ್ ಆಗಿ ಕಟ್ಟುಕಟ್ಟಾಗಿ ಕೂತಿತ್ತು. ಓರೆಗಾನೊ ಅಂತ ಪಕ್ಕದ ಮನೆಯ ಲೋಲ, ಅಂದರೆ ಅಜ್ಜಿ, ನನ್ನ ಮೂಗಿಗೆ ಹಿಡಿದದ್ದು ನೋಡಿದರೆ ನಮ್ಮ ಸಾಂಬಾರಬಳ್ಳಿ! ಘಟ್ಟದ ಮೇಲಿನವರು ದೊಡ್ಡಪತ್ರೆ ಅನ್ನುವುದು ಇದನ್ನೇ. ಆಕೆಯೂ ಮಕ್ಕಳ ಕೆಮ್ಮಿಗೆ ಎಲೆ ಬಾಡಿಸಿ ರಸ ಹಿಂಡುತ್ತಿದ್ದಳು, ನನ್ನಮ್ಮನೂ ಹಾಗೆಯೇ. ಆದ್ದರಿಂದ ಪರದೇಶದಲ್ಲಿ ಏನು ಬೆಳೆಸಲಿ ಅಂತ ಕೇಳಬೇಡಿ. ಅರ್ಧಕ್ಕರ್ಧ ಗಿಡ ನಿಮಗೆ ಹುಟ್ಟಿನಿಂದ ಗೊತ್ತು.

ಸಾಂಬಾರಬಳ್ಳಿಗೆ ನಾನು ಏನೂ ಹೇಳಬೇಕಾಗಿಲ್ಲ, ಮುರಿದು ಚುಚ್ಚಿ. ದಿನಾ ನೀರು ಹುಯ್ದು ಕೊಳೆಸುವವರೇ ಹೆಚ್ಚು. ಎಲೆಯಲ್ಲೇ ನೀರು ಹಿಡಿದಿಟ್ಟುಕೊಳ್ಳುವ ಗಿಡ ಅದು. ಮಳೆಗಾಲದಲ್ಲಿ ಕುಂಡವನ್ನು ಸೂರಿನ ಕೆಳಗೆ ಎಳೆದಿಡಿ. ನುಗ್ಗೆಗೆ ಬೀಜ ಬೇಡ, ತೋಳು ಗಾತ್ರದ ಕೊಂಬೆ ನೆಟ್ಟು, ಚಿಗುರು ಎದೆಮಟ್ಟಕ್ಕೆ ಬಂದಾಗೆಲ್ಲ ತುದಿ ಮುರಿಯಿರಿ. ಮುರಿಯಲು ಮನಸ್ಸು ಬಾರದೆ ಬಿಟ್ಟರೆ ಅದು ಮನೆಯ ಮಾಡು ದಾಟಿ ಹೋಗುತ್ತದೆ, ಆಮೇಲೆ ಸೊಪ್ಪಿಗೆ ಏಣಿ ಹಾಕಿ. ಸಿಲಿಂಗ್ ಲಬೂಯೊ ಅನ್ನುವ ಪುಟ್ಟ ಮೆಣಸು ಹಕ್ಕಿ ಹಾಕಿದ ಬೀಜದಿಂದಲೇ ಹುಟ್ಟುತ್ತದೆ. ಅದರ ಕಾಯಿ ಮಾತ್ರ ಕಿತ್ತು ಎಲೆ ಬಿಡುವವರಿಗೆ ಅಡುಗೆಯೇ ಗೊತ್ತಿಲ್ಲ ಅನ್ನುತ್ತೇನೆ. ಶುಂಠಿ ಹಾಕಿದ ಕೋಳಿಸಾರು ತಿನೋಲಕ್ಕೆ ಇಲ್ಲಿಯವರು ಕೊನೆಗೆ ನುಗ್ಗೆಸೊಪ್ಪನ್ನೋ ಮೆಣಸಿನ ಎಲೆಯನ್ನೋ ಹಾಕುತ್ತಾರೆ. ನಾನು ಕೋಳಿ ಮುಟ್ಟದವಳು, ಅದೇ ಎಲೆಯನ್ನು ಹೆಸರುಬೇಳೆ ತೊವ್ವೆಗೆ ಹಾಕುತ್ತೇನೆ. ಖಾರವಿಲ್ಲ, ಘಮ ಇದೆ.

ಈಗ ಪಂದನ್. ಇದಕ್ಕಾಗಿಯೇ ನಾನು ಬರೆಯಲು ಕೂತದ್ದು. ನಮ್ಮ ಕೇದಗೆಯ ಬಳಗದ್ದು, ಆದರೆ ಮುಳ್ಳಿನ ಕಾಟವಿಲ್ಲ, ಪರಿಮಳ ಹೂವಿನಲ್ಲಲ್ಲ, ಎಲೆಯಲ್ಲಿ. ಬಾಸ್ಮತಿಯ ಘಮಕ್ಕೆ ಕಾರಣವಾದ 2-ಅಸಿಟೈಲ್-1-ಪಿರೋಲಿನ್ ಅನ್ನುವ ಪದಾರ್ಥವೇ ಪಂದನ್ ಎಲೆಯಲ್ಲೂ ಇದೆ ಅಂತ ನಮ್ಮವರು ಊಟಕ್ಕೆ ಕೂತಾಗೆಲ್ಲ ಪಾಠ ಮಾಡುತ್ತಿದ್ದರು. ಅನ್ನ ಆರುತ್ತಿತ್ತು, ಪಾಠ ಮುಗಿಯುತ್ತಿರಲಿಲ್ಲ. ಈ ಗಿಡ ಬೀಜ ಕೊಡುವುದಿಲ್ಲ, ಬುಡದಲ್ಲಿ ಏಳುವ ಮರಿಯಿಂದಲೇ ಸಂತಾನ. ಹಾಗಾಗಿ ಮರಿ ಬಿಡಿಸುವುದು ಕಲಿಯದಿದ್ದರೆ ಏನೂ ಕಲಿತ ಹಾಗಲ್ಲ. ಹುಡುಗರು ಮಾಡುವುದೇನು? ಬುಡಕ್ಕೆ ಕೈಹಾಕಿ ಮೂಲಂಗಿ ಕಿತ್ತ ಹಾಗೆ ಎಳೆಯುತ್ತಾರೆ. ಮರಿ ನಡುವಿನಲ್ಲಿ ತುಂಡು, ತಾಯಿಗೂ ಗಾಯ.

ಹಿಂದಿನ ಸಂಜೆ ತಾಯಿಗಿಡಕ್ಕೆ ಚೆನ್ನಾಗಿ ನೀರು ಹಾಕಿರಬೇಕು. ಬೆಳಿಗ್ಗೆ ಬಿಸಿಲೇರುವ ಮುಂಚೆ ಕೂತು ನೋಡಿ. ಗೇಣಿಗಿಂತ ಚಿಕ್ಕ ಮರಿ ಬೇಡ. ಅದರ ಬುಡದಿಂದ ಬಿಳೀ ದಪ್ಪ ಬೇರಿನ ಮೊಳಕೆ ಹೊರಟಿರಬೇಕು, ಆಲದ ಬಿಳಲು ಚಿಗುರುವಾಗ ಇರುತ್ತದಲ್ಲ, ಹಾಗೆ. ಹಣ್ಣು ಹೆಚ್ಚುವ ತೆಳು ಚಾಕುವನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ತಾಯಿಗೂ ಮರಿಗೂ ನಡುವಿನ ಸಂದಿಯಲ್ಲಿ ಮೇಲಿನಿಂದ ಇಳಿಸಿ, ತಾಯಿಯ ಕಾಂಡದ ಒಂದು ಚೂರು ಮರಿಯ ಬುಡಕ್ಕೆ ಅಂಟಿಕೊಂಡು ಬರುವ ಹಾಗೆ ಕೊಯ್ಯಿರಿ. ಆ ಚೂರನ್ನು ಹೆರೆದು ಹಾಕಬೇಡಿ. ಆಮೇಲೆ ಕೆಳಗಿನ ಎಲೆಗಳನ್ನು ಒಂದೊಂದಾಗಿ ಪಕ್ಕಕ್ಕೆ ತಿರುಚಿ ಬಿಡಿಸಿ. ಎಲೆಯ ಬುಡ ಕಾಂಡವನ್ನು ಅಪ್ಪಿಕೊಂಡಿರುತ್ತದೆ. ಅದರ ಒಳಗೆ ಗುಂಡುಸೂಜಿಯ ತಲೆಯಷ್ಟು ಬೇರಿನ ಗುಬುಟುಗಳು ಅಡಗಿರುತ್ತವೆ, ಉಗುರು ತಾಗಿಸಬಾರದು. ಉಳಿದ ಎಲೆಗಳನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿ. ಅಯ್ಯೋ ಚಂದ ಹೋಯಿತು ಅಂತ ಒಬ್ಬಳು ನನ್ನ ಕೈ ಹಿಡಿದಳು. ಬೇರಿಲ್ಲದ ಮರಿ ಅಷ್ಟುದ್ದ ಎಲೆಗೆ ನೀರು ಎಲ್ಲಿಂದ ತರಬೇಕು, ಹೇಳಿ.

ಒಂದು ರಾತ್ರಿ ನೆರಳಿನಲ್ಲಿ ಹಳೆಯ ಪೇಪರಿನ ಮೇಲೆ ಮಲಗಿಸಿಡಿ, ಕೊಯ್ದ ಜಾಗ ಆರಿ ಗಟ್ಟಿಯಾಗಲಿ. ಮರುದಿನ ಅಗಲ ಬಾಯಿಯ ಬಾಟಲಿಯಲ್ಲಿ ಬುಡ ಮಾತ್ರ ಮುಳುಗುವಷ್ಟು ನೀರಿಟ್ಟು ನಿಲ್ಲಿಸಿ, ಬೇರಿಗೆ ಬೆಳಕು ತಾಗದ ಹಾಗೆ ಹೊರಗಿನಿಂದ ಕಾಗದ ಸುತ್ತಿ. ನೀರು ದಿನಾ ಬದಲಾಯಿಸಲೇಬೇಕು. ನಾಳೆ ಮಾಡುತ್ತೇನೆ ಅಂದಿರೋ, ಲೋಳೆಯಾಗುತ್ತದೆ, ಸೊಳ್ಳೆಯೂ ಮೊಟ್ಟೆ ಇಡುತ್ತದೆ. ಇಲ್ಲಿ ಡೆಂಗಿ ಹುಡುಗಾಟವಲ್ಲ, ಕುಂಡದ ಕೆಳಗಿನ ತಟ್ಟೆಯಲ್ಲೂ ನೀರು ನಿಲ್ಲಿಸಬೇಡಿ. ಬೇರು ಬೆರಳುದ್ದ ಆದಾಗ ಮಣ್ಣಿಗೆ. ಕುಂಡದ ತಳದಲ್ಲಿ ತೆಂಗಿನ ಸಿಪ್ಪೆಯ ತುಂಡು, ಮೇಲೆ ತೋಟದ ಮಣ್ಣು, ಅದಕ್ಕೆ ಹಿಡಿಹಿಡಿ ಕರಿಕಾಗಿಸಿದ ಭತ್ತದ ಹೊಟ್ಟು. ಬೂದಿಯಾಗುವಷ್ಟು ಸುಟ್ಟದ್ದಲ್ಲ, ಮುಟ್ಟಿದರೆ ಕರೀ ಹೊಟ್ಟು ಹೊಟ್ಟಾಗಿಯೇ ಇರಬೇಕು. ಮುಷ್ಟಿಯಲ್ಲಿ ಹಿಂಡಿದರೆ ಮಣ್ಣು ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಉದುರಬೇಕು. ಮರಿಯ ಸುಳಿ ಮಣ್ಣಿನ ಮೇಲೇ ಇರಲಿ, ನೀರನ್ನು ಸುಳಿಗೆ ಹುಯ್ಯದೆ ಸುತ್ತಲಿನ ಮಣ್ಣಿಗೆ ಹಾಕಿ. ಬುಡ ಅಲುಗದ ಹಾಗೆ ಒಂದು ಕೋಲು ಕಟ್ಟಿ.

ಹಾಂ, ತೆಂಗಿನ ಸಿಪ್ಪೆ ಅಂದಾಗ ನೆನಪಾಯಿತು. ಇಲ್ಲಿ ತೆಂಗಿನ ಗರಿಕಡ್ಡಿಯ ಹಿಡಿಸೂಡಿ ನಮ್ಮೂರಿನದ್ದೇ ಥರ ಸಿಗುತ್ತದೆ. ಅದನ್ನು ಒದ್ದೆಯಾದ ಮೇಲೆ ತುದಿ ಕೆಳಗೆ ಮಾಡಿ ಮೂಲೆಗೆ ಎಸೆಯಬೇಡಿ, ಕಡ್ಡಿ ಬಾಗಿ ಅಂಗಳದ ಎಲೆ ಗುಡಿಸಲು ಬಾರದಾಗುತ್ತದೆ. ಬುಡ ಕೆಳಗೆ ಮಾಡಿ ಒರಗಿಸಿ, ಕಟ್ಟು ಸಡಿಲವಾದರೆ ಬುಡವನ್ನು ಕಲ್ಲಿಗೆ ಕುಟ್ಟಿ ಬಿಗಿ ಮಾಡಿ. ಅಷ್ಟಕ್ಕೇ ಹೊಸದು ಕೊಳ್ಳುತ್ತೀರಲ್ಲ!

ಪಂದನ್ ಹೊಸ ಎಲೆ ಬಿಡುವ ತನಕ ಕೀಳುವ ಹಾಗಿಲ್ಲ. ಬಿಟ್ಟ ಮೇಲೆ ಕೆಳಗಿನ ಎಲೆಯನ್ನು ಬುಡಸಮೇತ ತೆಗೆಯಿರಿ, ಅರ್ಧ ಎಲೆ ಕತ್ತರಿಸಿದರೆ ಉಳಿದರ್ಧ ಕಂದಾಗಿ ನೇತಾಡುತ್ತದೆ. ಕಿತ್ತ ಎಲೆಯನ್ನು ಹಾಗೇ ಅನ್ನಕ್ಕೆ ಹಾಕಿ ಘಮವೇ ಇಲ್ಲ ಅಂತ ದೂರುವವರಿದ್ದಾರೆ. ಒಂದು ಹೊತ್ತು ಬಾಡಲಿ, ಗಂಟು ಕಟ್ಟಿ, ಅಕ್ಕಿ ಕುದಿ ಬರುವಾಗ ಹಾಕಿ, ಬಡಿಸುವ ಮೊದಲು ತೆಗೆದುಬಿಡಿ. ಗಂಟು ಕಟ್ಟುವುದು ಅಂದಕ್ಕಲ್ಲ, ಎಲೆ ಜಜ್ಜಿದಂತಾಗುತ್ತದೆ, ಎತ್ತುವಾಗ ಒಂದೇ ಸಲ ಬರುತ್ತದೆ.

ಗೊಬ್ಬರ ಗೊಬ್ಬರ ಅಂತ ಪುಡಿಯ ಪೊಟ್ಟಣ ತರುವವರಿಗೆ ಒಂದು ಮಾತು. ಅಕ್ಕಿ ತೊಳೆದ ಮೊದಲ ನೀರು ಗಿಡಕ್ಕೆ. ಎರಡನೆಯದು ಲೋಲ ತನ್ನ ಹುಳಿಸಾರು ಸಿನಿಗಾಂಗ್‌ಗೆ ಎತ್ತಿಡುತ್ತಿದ್ದಳು, ನೀವೂ ಸಾರಿಗೆ ಹಾಕಿ ನೋಡಿ. ಆದರೆ ಅಕ್ಕಚ್ಚನ್ನು ಅಂದಿನದ್ದು ಅಂದೇ ಗಿಡಕ್ಕೆ ಹುಯ್ಯಬೇಕು, ಬಕೆಟ್ಟಿನಲ್ಲಿಟ್ಟು ಹುಳಿಸಿದರೆ ನೊಣ ಬರುತ್ತದೆ, ಬಾಡಿಗೆ ಮನೆಯವರು ಬಾಗಿಲು ತಟ್ಟುತ್ತಾರೆ. ಇನ್ನು ಐಸ್‌ಕ್ರೀಮ್ ಡಬ್ಬಿಯಲ್ಲಿ ನೆಡಿ, ಬೇಡ ಅನ್ನುವುದಿಲ್ಲ, ಇಲ್ಲಿಯ ಎಲ್ಲ ಮನೆಗಳಲ್ಲೂ ಅದೇ ಕುಂಡ. ತೂತು ಮಾಡದೆ ನೆಡುವ ಬುದ್ಧಿವಂತರಿಗೆ ಮಾತ್ರ ನನ್ನ ಬೈಗುಳ.

ಚಂಡಮಾರುತದ ಸುದ್ದಿ ಬಂದರೆ ನೇತುಹಾಕಿದ ಕುಂಡಗಳನ್ನೆಲ್ಲ ನೆಲಕ್ಕಿಳಿಸಿ ಗೋಡೆಗೆ ಒತ್ತಿ ಒಟ್ಟಿಗೆ ಇಡಿ. ನುಗ್ಗೆಯ ಮೇಲಿನ ಕೊಂಬೆ ಅಂದೇ ಕಡಿದು ಸೊಪ್ಪು ಬಿಡಿಸಿಕೊಳ್ಳಿ, ಗಾಳಿ ಹೇಗೂ ಮುರಿಯುತ್ತದೆ. ಮಳೆ ನಿಂತ ಮೇಲೆ ದೊಡ್ಡ ಬಸವನಹುಳುಗಳು ಬರುತ್ತವೆ, ರಾತ್ರಿ ಟಾರ್ಚ್ ಹಿಡಿದು ಹೆಕ್ಕಬೇಕು. ಬರಿಗೈಯಲ್ಲಿ ಮುಟ್ಟಬೇಡಿ.

ಕೊತ್ತಂಬರಿಗೆ ಮಾತ್ರ ಹಟ ಹಿಡಿಯಬೇಡಿ. ಮನಿಲಾದ ಸೆಕೆಗೆ ಅದು ನಾಲ್ಕು ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ತಂಪಿರುವ ಬೆಂಗೆಟ್ ಬೆಟ್ಟಗಳಲ್ಲಿ ಬೆಳೆಯುವವರು ಬೆಳೆಯಲಿ. ನಿಮಗೆ ಬೇಕಾದಾಗ ಸಂತೆಯಲ್ಲಿ ವನ್ಸೋಯ್ ಅಂತ ಕೇಳಿ, ಬೇರು ಸಮೇತ ಇರುವ ಕಟ್ಟು ಕೊಡಿ ಅನ್ನಿ.