ಬೆಂಗಳೂರಿಗೆ ಬಂದ ಹೊಸಬರಿಗೆ ಮಾರ್ಗದರ್ಶಿ: ಕಸದ ಆಟೋ ಬರುವ ಮೊದಲು ಓದಿಕೊಳ್ಳಿ

ಹಾಲುಕ್ಕಿಸಿ ಇನ್ನೂ ಎರಡು ದಿನ ಆಗಿರುವುದಿಲ್ಲ. ಬಾಲ್ಕನಿ ತುಂಬಾ ರಟ್ಟಿನ ಡಬ್ಬ, ಥರ್ಮೋಕೋಲು. ಅಷ್ಟರಲ್ಲಿ ಕೆಳಗೆ ಕಸದ ಆಟೋ ಸದ್ದು. ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಕವರ್‌ಗೆ ತುರುಕಿ ಓಡುತ್ತೀರಿ. ಆಟೋದವರು ಬಿಚ್ಚಿ ನೋಡಿ, ‘ಬೇರೆ ಮಾಡಿ ಕೊಡಿ’ ಅಂತ ವಾಪಸ್ ಕೊಡುತ್ತಾರೆ. ನಮ್ಮ ಸಂಘಕ್ಕೆ ಹೊಸಬರಿಂದ ಬರುವ ಫೋನುಗಳಲ್ಲಿ ಸ್ಕೂಲ್ ಅಡ್ಮಿಷನ್ ಬಿಟ್ಟರೆ ಇದೇ ಜಾಸ್ತಿ.

ಊರಲ್ಲಿ ನಮಗೆ ಇದನ್ನು ಯಾರೂ ಕಲಿಸಿರಲಿಲ್ಲ, ಆದರೂ ಮಾಡುತ್ತಿದ್ದೆವು. ಬಾಳೆಹಣ್ಣಿನ ಸಿಪ್ಪೆ ಹಸುವಿಗೆ, ಅಕ್ಕಿ ತೊಳೆದ ನೀರು ಕಲಗಚ್ಚಿಗೆ, ಒಣಗಿದ ಎಲೆ ತಿಪ್ಪೆಗೆ, ಕರಟ ಬಚ್ಚಲೊಲೆಗೆ. ಇಲ್ಲಿ ಹಸು ಇಲ್ಲ, ತಿಪ್ಪೆ ಇಲ್ಲ, ಹಂಡೆ ಜಾಗಕ್ಕೆ ಗೀಸರ್ ಬಂದಿದೆ. ಹಾಗಂತ ಎಲ್ಲ ಕಸವೂ ಒಂದೇ ಆಗಿಬಿಡುತ್ತದಾ?

ಎರಡು ಡಬ್ಬಿ, ಒಂದು ಚೀಲ

ಹಸಿರು ಡಬ್ಬಿಗೆ ಹಸಿ ಕಸ. ಕೆಂಪು ಡಬ್ಬಿಗೆ ಪ್ಯಾಡು, ಡೈಪರ್, ಬ್ಯಾಂಡೇಜು, ಕೂದಲು, ಗುಡಿಸಿದ ಧೂಳು. ಚೀಲಕ್ಕೆ ಒಣ ಕಸ. ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಇಡೀ ಬೆಂಗಳೂರಿಗೆ ಹೇಳಿದ ಲೆಕ್ಕ ಇದು. ‘ಕೊನೆಗೆ ಎಲ್ಲಾ ಒಂದೇ ಲಾರಿಗೆ ಸುರೀತಾರೆ, ನಾನ್ಯಾಕೆ ಮಾಡಲಿ’ ಅನ್ನುವವರು ನಿಮ್ಮ ಪಕ್ಕದ ಮನೆಯಲ್ಲೇ ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಬೆರೆಸಿ ಕೊಟ್ಟಿದ್ದನ್ನು ಯಾರಾದರೂ ಕೈ ಹಾಕಿ ಬಿಡಿಸಬೇಕು, ಇಲ್ಲಾ ಹಾಗೇ ಗುಡ್ಡೆ ಹಾಕಬೇಕು.

ಆ ಗುಡ್ಡೆ ಎಲ್ಲಿ ಬೀಳುತ್ತಿತ್ತು ಗೊತ್ತಾ? ಬೆಂಗಳೂರಿನ ಹೊರಗಿನ ಹಳ್ಳಿಗಳಾದ ಮಾವಳ್ಳಿಪುರದಲ್ಲಿ, ಮಂಡೂರಿನಲ್ಲಿ. ಅಲ್ಲಿದ್ದವರೂ ನಮ್ಮಂಥವರೇ, ಹೊಲ, ಮನೆ, ದನ ಇಟ್ಟುಕೊಂಡವರು. ನಮ್ಮ ಮುಸುರೆಯ ಗಬ್ಬು ವಾಸನೆ, ನೊಣ, ಕೊಳೆತ ನೀರು ಅವರ ಪಾಲಿಗೆ ಹೋಯಿತು. 2012ರಲ್ಲಿ ಮಾವಳ್ಳಿಪುರ ಬಾಗಿಲು ಹಾಕಿದಾಗ ಬೆಂಗಳೂರಿನ ಮೂಲೆ ಮೂಲೆಯಲ್ಲಿ ಕಸ ನಿಂತಿತು. ಮನೆಯಲ್ಲೇ ಬೇರೆ ಮಾಡಬೇಕು ಅನ್ನುವ ನಿಯಮ ಬಂದಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಮಂಡೂರಿನವರು ರಸ್ತೆಗಿಳಿದು, ಲಾರಿ ತಡೆದು, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿದರು. ನಾನು ಬೆಂಗಳೂರಿಗೆ ಬಂದಿದ್ದು ಆ ಗಲಾಟೆಯ ನಡುವೆ. ನನಗೆ ಏನೂ ಗೊತ್ತಿರಲಿಲ್ಲ.

ಮೂಲೆ ಸೈಟಿನ ಕಥೆ

ಇದನ್ನು ಹೇಳಲು ಈಗಲೂ ನಾಚಿಕೆ. ಆಟೋ ಬರುವುದು ಏಳಕ್ಕೆ, ನಮ್ಮವರು ಆಫೀಸ್ ಬಸ್ಸಿಗೆ ಹೋಗುವುದು ಆರಕ್ಕೆ. ನನಗೆ ಕೈಗೂಸು. ಹಾಗಾಗಿ ಅವರು ದಿನಾ ಕಪ್ಪು ಕವರ್ ಹಿಡಿದು ಹೋಗಿ ಮೂಲೆಯ ಖಾಲಿ ಸೈಟಿಗೆ ಎಸೆಯುತ್ತಿದ್ದರು. ಅಲ್ಲಿ ಆಗಲೇ ಇಪ್ಪತ್ತು ಕವರ್ ಇರುತ್ತಿತ್ತು, ನಮ್ಮದು ಇಪ್ಪತ್ತೊಂದನೆಯದು. ಒಂದು ದಿನ ಬೆಳಗ್ಗೆ ಗೇಟು ತೆಗೆದರೆ ನಮ್ಮದೇ ಕವರ್ ನಮ್ಮದೇ ಮೆಟ್ಟಿಲ ಮೇಲೆ! ಬಿಚ್ಚಿ ಇಟ್ಟಿದ್ದಾರೆ. ಮೇಲುಗಡೆ ಕೊರಿಯರ್ ಲಕೋಟೆ, ಅದರ ಮೇಲೆ ನನ್ನ ಹೆಸರು, ಮನೆ ನಂಬರು. ಎದುರು ಮನೆಯ ಅಜ್ಜಿ ರಂಗೋಲಿ ಹಾಕುತ್ತಾ ಎಲ್ಲಾ ನೋಡಿದರು. ಏನೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. 2025ರ ಅಕ್ಟೋಬರ್‌ನಲ್ಲಿ ರಸ್ತೆಗೆ ಕಸ ಎಸೆದವರ ಮನೆ ಹುಡುಕಿಕೊಂಡು ಹೋಗಿ, ಬಾಗಿಲ ಮುಂದೆಯೇ ಕಸ ಸುರಿದು ದಂಡ ಹಾಕಿದ್ದು ಟೀವಿಯಲ್ಲೆಲ್ಲ ಬಂತು. ಕೊರಿಯರ್ ಲಕೋಟೆಯಿಂದ ವಿಳಾಸ ಹರಿದು ಎಸೆದರೆ ಸಾಕು ಅನ್ನುವ ಬುದ್ಧಿವಂತಿಕೆಯೂ ಬೇಡ.

ಆಟೋ ಸಮಯ ಹೊಂದದಿದ್ದರೆ ಹೀಗೆ ಮಾಡಿ: ಒಣ ಕಸ ವಾರ ಇಟ್ಟರೂ ಏನೂ ಆಗುವುದಿಲ್ಲ. ಕಷ್ಟ ಹಸಿ ಕಸದ್ದು. ಪಕ್ಕದ ಮನೆಯವರಿಗೆ ಹೇಳಿ ಮುಚ್ಚಳದ ಡಬ್ಬಿ ಗೇಟಿನ ಒಳಗಿಡಿ. ಬಾಯಿ ಬಿಟ್ಟು ಕೇಳಿದರೆ ಬೇಡ ಅನ್ನುವವರು ಕಡಿಮೆ. ಒಣ ಕಸ ಯಾವ ದಿನ ಒಯ್ಯುತ್ತಾರೆ ಅನ್ನುವುದು ಬೀದಿಗೊಂದು ಥರ, ಆಟೋದವರನ್ನೇ ಕೇಳಿ. ಕನ್ನಡದಲ್ಲೇ ಮಾತಾಡಿ, ‘ಅಣ್ಣ’, ‘ಅಮ್ಮ’ ಅನ್ನಿ. ‘ಏಯ್ ಕಸ’ ಅಂತ ಮೇಲಿಂದ ಕೂಗುವವರನ್ನು ನೋಡಿದ್ದೇನೆ, ಅದರಲ್ಲಿ ನಮ್ಮ ಸಂಘದವರೂ ಇದ್ದರು.

ಹಸಿ ಕಸ

ತರಕಾರಿ ಸಿಪ್ಪೆ, ಉಳಿದ ಅನ್ನ, ಕಾಫಿ ಗಷ್ಟು, ಮೊಟ್ಟೆ ಚಿಪ್ಪು, ಮೂಳೆ, ದೇವರ ಹೂವು. ಹೂವು ದಾರಕ್ಕೆ ಕಟ್ಟಿದ್ದರೆ ದಾರ ಬಿಚ್ಚಿ. ‘ನಿರ್ಮಾಲ್ಯ ಕಸಕ್ಕೆ ಹಾಕಬಾರದು’ ಅಂತ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಕೆರೆಗೆ ಎಸೆಯುವ ಭಕ್ತಿ ಯಾವ ದೇವರಿಗೂ ಬೇಕಾಗಿಲ್ಲ. ಡಬ್ಬಿಗೆ ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಹಳೇ ಪೇಪರ್ ಹಾಸಿ. ಸಾರನ್ನು ಬಸಿದು, ಗಟ್ಟಿ ಉಳಿದದ್ದನ್ನು ಮಾತ್ರ ಹಾಕಿ. ತೆಂಗಿನ ಕರಟ, ಎಳನೀರು ಬುರುಡೆ ಬೇಗ ಕೊಳೆಯುವುದಿಲ್ಲ, ಬೇರೆ ಇಡಿ.

ಜಾಗ ಇದ್ದರೆ ಮನೆಯಲ್ಲೇ ಗೊಬ್ಬರ ಮಾಡಿ. ತೂತು ಹೊಡೆದ ಎರಡು ಬಕೆಟ್ ಸಾಕು. ಒಂದು ಪದರ ಸಿಪ್ಪೆ, ಒಂದು ಪದರ ಒಣ ಎಲೆ ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮೇಲೊಂದು ಹಿಡಿ ಹಳೇ ಗೊಬ್ಬರ, ಇಲ್ಲಾ ಹುಳಿ ಮಜ್ಜಿಗೆ. ಆಗಾಗ ಕೈಯಾಡಿಸಿ. ನಾನು ಮೊದಲ ಸಲ ಒಣ ಎಲೆ ಹಾಕುವುದನ್ನೇ ಮರೆತೆ. ಹತ್ತನೇ ದಿನಕ್ಕೆ ಬಿಳಿ ಹುಳ, ವಾಸನೆ. ಅತ್ತೆ ಬಕೆಟ್ ನೋಡಿ ವಾರ ಬಾಲ್ಕನಿಗೇ ಬರಲಿಲ್ಲ. ತೇವ ಜಾಸ್ತಿಯಾದರೆ ಹಾಗಾಗುತ್ತದೆ. ಒಣ ಎಲೆ ಸುರಿದು ಕಲಸಿದರೆ ಸರಿಹೋಗುತ್ತದೆ. ಒಂದೂವರೆ ಎರಡು ತಿಂಗಳಿಗೆ ಮಣ್ಣಿನ ವಾಸನೆ ಬಂತೆಂದರೆ ಗೆದ್ದಿರಿ. ಎಚ್ಎಸ್ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಬೇರೆ ಬೇರೆ ಥರದ ಗೊಬ್ಬರದ ಡಬ್ಬಿಗಳನ್ನು ನೋಡಬಹುದು, ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ.

ಒಣ ಕಸ

ಹಾಲಿನ ಕವರ್ ತೊಳೆದು ಒಣಗಿಸಿ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಕಿತ್ತು ಹಾಕಬೇಡಿ, ಅಂಟಿಕೊಂಡೇ ಇರಲಿ. ಆ ಚೂರು ಯಾರ ಕೈಗೂ ಸಿಗದೆ ಚರಂಡಿಗೆ ಹೋಗುತ್ತದೆ. ಎಣ್ಣೆ ಪ್ಯಾಕೆಟ್, ಪಾರ್ಸೆಲ್ ಡಬ್ಬಿಗೂ ಒಂದು ಸುತ್ತು ನೀರು. ಅಕ್ಕಿ ತೊಳೆದ ನೀರೇ ಸಾಕು, ಕಾವೇರಿ ನೀರು ಸುರಿಯಬೇಡಿ. ಒಡೆದ ಗಾಜು ದಪ್ಪ ಪೇಪರ್‌ನಲ್ಲಿ ಸುತ್ತಿ, ಮೇಲೆ ‘ಗಾಜು’ ಅಂತ ಬರೆದು ಬೇರೆ ಕೊಡಿ. ಹಳೇ ಪೇಪರ್, ರಟ್ಟು ಗುಜರಿ ಅಂಗಡಿಗೆ, ನಾಲ್ಕು ಕಾಸೂ ಬರುತ್ತದೆ.

ಕೆಂಪು ಡಬ್ಬಿ

ಪ್ಯಾಡು, ಡೈಪರ್ ಪೇಪರ್‌ನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಸಂಕೋಚಕ್ಕೆ ಒಣ ಕಸದ ಅಡಿಗೆ ಬಚ್ಚಿಡಬೇಡಿ. ಒಣ ಕಸ ಆರಿಸುವವರಲ್ಲಿ ಹೆಂಗಸರೇ ಜಾಸ್ತಿ. ಗಂಡಸರೂ ಇದನ್ನು ಓದಲಿ.

ಉಳಿದದ್ದು, ಚುಟುಕಾಗಿ

- ಬ್ಯಾಟರಿ, ಟ್ಯೂಬ್‌ಲೈಟ್, ಹಳೇ ಮೊಬೈಲ್, ಅವಧಿ ಮುಗಿದ ಮಾತ್ರೆ: ಬೇರೆ ಡಬ್ಬಿ
- ಎಲೆ, ಕಾಗದ ಸುಡುವುದು: ಇಲ್ಲ
- ಹಳೇ ಹಾಸಿಗೆ, ಸೋಫಾ: ಫುಟ್‌ಪಾತಿಗೆ ಇಲ್ಲ
- ಕಸದ ಶುಲ್ಕ: 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ. ಮನೆ ಮಾಲೀಕರು ಬಾಡಿಗೆಗೆ ಸೇರಿಸಿದರೆ ಲೆಕ್ಕ ಕೇಳಿ

ಹಬ್ಬ

ಆಯುಧ ಪೂಜೆಗೆ ಬೂದುಗುಂಬಳ ಒಡೆದರೆ ಅರ್ಧ ಗಂಟೆಯಲ್ಲಿ ಚೂರು ಎತ್ತಿ. ಬೈಕಿನವರು ಜಾರಿ ಬೀಳುತ್ತಾರೆ. ಬಾಳೆಕಂದು ಸಣ್ಣದಾಗಿ ಕತ್ತರಿಸಿ ಹಸಿ ಕಸಕ್ಕೆ. ರಾಜ್ಯೋತ್ಸವದ ದಿನ ‘ನಮ್ಮ ಊರು ಹಾಳಾಯಿತು, ಹೊರಗಿನವರು ಬಂದು ಕೆಡಿಸಿದರು’ ಅಂತ ಮೈಕಿನಲ್ಲಿ ಮಾತಾಡಿ, ಊಟ ಆದ ಮೇಲೆ ಥರ್ಮೋಕೋಲ್ ತಟ್ಟೆಯನ್ನು ಪಾರ್ಕಿನಲ್ಲೇ ಬಿಟ್ಟು ಬಂದ ವರ್ಷವೂ ನಮ್ಮ ಸಂಘಕ್ಕಿದೆ. ಈಗ ಇನ್ನೂರು ಸ್ಟೀಲ್ ತಟ್ಟೆ, ಲೋಟ ಇಟ್ಟಿದ್ದೇವೆ. ಗೃಹಪ್ರವೇಶ, ನಾಮಕರಣಕ್ಕೆ ಬಾಡಿಗೆ ಇಲ್ಲದೆ ಒಯ್ಯಿರಿ, ತೊಳೆದು ಎಣಿಸಿ ತನ್ನಿ.

ಗೊಬ್ಬರ ಶುರು ಮಾಡುವವರಿಗೆ ಒಂದು ಬಕೆಟ್ ಹಳೇ ಗೊಬ್ಬರ ನಮ್ಮ ಮನೆಯಿಂದಲೇ ಕೊಡುತ್ತೇನೆ. ಗೊಬ್ಬರ ವಾಪಸ್ ಬೇಡ. ಬಕೆಟ್ ಮಾತ್ರ ದಯವಿಟ್ಟು ತಂದುಕೊಡಿ, ಆಗಲೇ ಮೂರು ಹೋಗಿವೆ.